ಓದುವ ಹುಡುಗನ ಸಂಜೆ ಕೂಲಿಗೆ ಮನೆಯ ಬಿಪಿಎಲ್ ಕಾರ್ಡ್ ಹೋಯಿತು: ಆಹಾರ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆಹಾರ, ನಾಗರಿಕ ಸರಬರಾಜು ಮತ್ತು ಗ್ರಾಹಕರ ವ್ಯವಹಾರಗಳ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಓದುತ್ತಿರುವ ಮಕ್ಕಳ ಅರೆಕಾಲಿಕ ದುಡಿಮೆಯನ್ನು ಪಡಿತರ ಚೀಟಿಯ ಕುಟುಂಬ ಆದಾಯಕ್ಕೆ ಸೇರಿಸಬಾರದೆಂದು ಕೋರಿ.

ಮಾನ್ಯರೇ,

ನಮಸ್ಕಾರ. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಹೆಸರಿಗಷ್ಟೇ ಜೆರಾಕ್ಸ್. ನಿಜವಾದ ವ್ಯಾಪಾರ ಅರ್ಜಿ ಹಾಕಿಕೊಡುವುದು. ರೇಷನ್ ಕಾರ್ಡ್ ತಿದ್ದುಪಡಿ, ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಎಸ್‌ಎಸ್‌ಪಿ ಸ್ಕಾಲರ್‌ಶಿಪ್, ಪ್ಯಾನ್ ಕಾರ್ಡ್, ಪಹಣಿ, ಬಸ್ ಪಾಸ್. 14 ವರ್ಷದಿಂದ ಇದೇ ಕೆಲಸ. ಊರಿನ ಅರ್ಧ ಜನರ ಆಧಾರ್ ನಂಬರಿನ ಕೊನೆಯ ನಾಲ್ಕು ಅಂಕಿ ನನಗೆ ಬಾಯಿಪಾಠ ಅಂತ ನಮ್ಮ ಮನೆಯವರು ತಮಾಷೆ ಮಾಡುತ್ತಾರೆ.

ಈ ಪತ್ರಕ್ಕೆ ಕಾರಣ ಒಬ್ಬ ಹುಡುಗ. ಅವನು ಸಂಜೆ ಹೊತ್ತು ದುಡಿದಿದ್ದಕ್ಕೆ ಅವನ ಮನೆಯ ಬಿಪಿಎಲ್ ಕಾರ್ಡ್ ಹೋಯಿತು. ಹಾಗೆ ಹೋಗಲು ದಾರಿ ಮಾಡಿಕೊಟ್ಟ ಅರ್ಜಿ ಹಾಕಿದವಳು ನಾನೇ. 300 ರೂಪಾಯಿ ಚಾರ್ಜ್ ಕೂಡ ತಗೊಂಡಿದ್ದೆ. ದೂರು ಹೇಳುವ ಮೊದಲು ಇಷ್ಟನ್ನು ಒಪ್ಪಿಕೊಂಡುಬಿಡುತ್ತೇನೆ.

ಹುಡುಗನ ಅಪ್ಪ ಗಾರೆ ಕೆಲಸದಲ್ಲಿ ಕೈಯಾಳು. ಮಳೆ ಬಂದರೆ ಕೆಲಸ ಇಲ್ಲ, ಮರಳು ಬರದಿದ್ದರೆ ಕೆಲಸ ಇಲ್ಲ, ಮೇಸ್ತ್ರಿಗೆ ಸಿಟ್ಟು ಬಂದರೂ ಕೆಲಸ ಇಲ್ಲ. ಅಮ್ಮ ಮನೆಯಲ್ಲೇ ಕೂತು ಸೀರೆಗೆ ಫಾಲ್ಸ್, ಕುಚ್ಚು ಹಾಕುತ್ತಾರೆ. ಅಜ್ಜಿ ಇದ್ದಾರೆ. ತಂಗಿ ಆಗ ಒಂಬತ್ತನೇ ಕ್ಲಾಸು. ಒಟ್ಟು ಐದು ಜನ. ನಾಡಕಚೇರಿಯಿಂದ ಅವರಿಗೆ ಸಿಕ್ಕ ಆದಾಯ ಪ್ರಮಾಣ ಪತ್ರದಲ್ಲಿ ವರ್ಷಕ್ಕೆ 60,000 ರೂಪಾಯಿ ಅಂತಿದೆ. ಆ ಅರ್ಜಿಯೂ ನಮ್ಮಂಗಡಿಯದ್ದೇ.

ಹುಡುಗ 2024ರಲ್ಲಿ ಸೆಕೆಂಡ್ ಪಿಯುಸಿ ಪಾಸಾದ. ಆಗಷ್ಟೇ 18 ತುಂಬಿತ್ತು. ರಿಸಲ್ಟ್ ಬಂದು ಡಿಗ್ರಿ ಕಾಲೇಜು ಶುರುವಾಗುವ ಮೊದಲು, ಮೇ ತಿಂಗಳಲ್ಲಿ, ಬೈಪಾಸ್ ಹತ್ತಿರದ ಒಂದು ಪಾರ್ಸಲ್ ಗೋಡೌನಿಗೆ ಸೇರಿಕೊಂಡ. ಜನ ಆನ್‌ಲೈನಿನಲ್ಲಿ ತರಿಸುವ ಚಪ್ಪಲಿ, ಮಿಕ್ಸಿ, ಮೊಬೈಲ್ ಕವರ್ ಎಲ್ಲ ಅಲ್ಲಿಗೆ ಬರುತ್ತವೆ. ಲಾರಿಯಿಂದ ಇಳಿಸಬೇಕು, ಪಿನ್‌ಕೋಡ್ ನೋಡಿ ಬೇರೆ ಬೇರೆ ಚೀಲಕ್ಕೆ ಹಾಕಬೇಕು. ಸಂಜೆ 6ರಿಂದ ರಾತ್ರಿ 10. ದಿನಕ್ಕೆ 300 ರೂಪಾಯಿ. ತಿಂಗಳಿಗೆ 24 ದಿನ, ಅಂದರೆ 7,200. ಕಾಲೇಜು ಶುರುವಾದ ಮೇಲೂ ಬಿಡಲಿಲ್ಲ. ಬೆಳಿಗ್ಗೆ ಬಿಕಾಂ ಕ್ಲಾಸು, ಸಂಜೆ ಗೋಡೌನು. ಫೀಸು, ಪುಸ್ತಕ ಎಲ್ಲ ಅವನದೇ ದುಡ್ಡಲ್ಲಿ.

ಗೋಡೌನಿಗೆ ಆಳು ಒದಗಿಸುವ ಏಜೆನ್ಸಿಯವರು ಮೊದಲ ದಿನವೇ ಪ್ಯಾನ್ ಕಾರ್ಡ್ ಕೇಳಿದರು. ನಾನೇ ಮಾಡಿಸಿಕೊಟ್ಟೆ. ತಿಂಗಳಾದ ಮೇಲೆ ಬ್ಯಾಂಕಿಗೆ ಬಿದ್ದದ್ದು 6,480. ಮಿಕ್ಕ 720 ಎಲ್ಲಿ ಅಂತ ನೋಡಿದರೆ ಶೇ 10 ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿದುಕೊಳ್ಳುವ ಆದಾಯ ತೆರಿಗೆ, ಕತ್ತರಿಸಿದ್ದಾರೆ. ಯಾವ ಲೆಕ್ಕದಲ್ಲಿ ಅಂದುಕೊಂಡಿರಿ? ವೃತ್ತಿಪರ ಸೇವೆಯ ಶುಲ್ಕ. ಡಾಕ್ಟರು, ವಕೀಲರು, ಆಡಿಟರಿಗೆ ಆಗ ಹಾಕುತ್ತಿದ್ದ ಸೆಕ್ಷನ್ ಅದು, 194ಜೆ. ಸಂಬಳ ಅಂತ ತೋರಿಸಿದರೆ ಪಿಎಫ್ ತಾಪತ್ರಯ ಅಲ್ವಾ, ಅದಕ್ಕೇ ಹೀಗೆ. ಚೀಲ ಹೊರುವ ಹುಡುಗ ಕಾಗದದ ಮೇಲೆ ದೊಡ್ಡ ಕನ್ಸಲ್ಟೆಂಟ್ ಆಗಿದ್ದ!

ಮಾರ್ಚ್‌ವರೆಗೆ 11 ತಿಂಗಳು ದುಡಿದ. ಒಟ್ಟು 79,200. ಕತ್ತರಿಸಿದ್ದು 7,920. ಅವನ ಒಂದು ತಿಂಗಳ ದುಡಿಮೆಗಿಂತ ಜಾಸ್ತಿ. 2025ರ ಜುಲೈನಲ್ಲಿ ಅಂಗಡಿಗೆ ಬಂದು, "ಅಕ್ಕ, ಇದು ವಾಪಸ್ ಬರುತ್ತಂತಲ್ಲ, ಹೌದಾ?" ಅಂತ ಕೇಳಿದ. ಹೌದು, ಬರುತ್ತದೆ. 79,200ಕ್ಕೆ ತೆರಿಗೆ ಎಲ್ಲಿಂದ ಬರಬೇಕು? ರಿಟರ್ನ್ಸ್ ಹಾಕಿದರೆ, ಅಂದರೆ ಆದಾಯ ತೆರಿಗೆಯವರಿಗೆ ವರ್ಷದ ಆದಾಯದ ಲೆಕ್ಕ ಕೊಟ್ಟರೆ, ಪೂರ್ತಿ ವಾಪಸ್. ಹಾಕಿದೆ. ಅವನ ಮೊಬೈಲಿಗೆ ಓಟಿಪಿ ಬಂತು, ಅವನು ಹೇಳಿದ, ನಾನು ಒತ್ತಿದೆ. ಆಗಸ್ಟ್‌ನಲ್ಲಿ ದುಡ್ಡು ಬಂತು. ಎರಡನೇ ವರ್ಷದ ಫೀಸು ಕಟ್ಟಿ, ಅಜ್ಜಿಗೆ ಕನ್ನಡಕ ಮಾಡಿಸಿ, ನನಗೊಂದು ಪೊಟ್ಟಣ ಜಹಾಂಗೀರ್ ತಂದುಕೊಟ್ಟ. ನಾವಿಬ್ಬರೂ ಏನೋ ದೊಡ್ಡ ಸಾಧನೆ ಮಾಡಿದ ಹಾಗೆ ತಿಂದೆವು.

ದಸರೆಗೆ ಮುಂಚೆ ಸೊಸೈಟಿಯಲ್ಲಿ ಒಂದು ಪಟ್ಟಿ ಅಂಟಿಸಿದರು. ಅನುಮಾನದ ಬಿಪಿಎಲ್ ಕಾರ್ಡುಗಳ ಪಟ್ಟಿ. ಅದರಲ್ಲಿ ಹುಡುಗನ ಅಮ್ಮನ ಹೆಸರು. ಎದುರಿಗೆ ಕಾರಣ ಅನ್ನುವ ಕಾಲಂನಲ್ಲಿ ಎರಡೇ ಅಕ್ಷರ: ಐಟಿ. ಆಕೆಗೆ ಅರ್ಥವೇ ಆಗಲಿಲ್ಲ. ಮನೆಯಲ್ಲಿ ಐಟಿಐ ಓದಿದವರು ಯಾರೂ ಇಲ್ಲವಲ್ಲ ಅಂತ ಸೊಸೈಟಿಯವರನ್ನೇ ಕೇಳಿದರಂತೆ. ಮುಂದಿನ ತಿಂಗಳು ಹೆಬ್ಬೆಟ್ಟು ಒತ್ತಿದರೆ ಮಷಿನ್ನು ಅಕ್ಕಿ ಇಲ್ಲ ಅಂದಿತು.

ನಾನೇ ಅವರ ಜೊತೆ ಆಫೀಸಿಗೆ ಹೋದೆ. ಅಲ್ಲಿನ ಅಧಿಕಾರಿ ಒಳ್ಳೆಯವರೇ. ಕೂರಿಸಿ ಮಾತಾಡಿದರು. ಅವರ ಮೇಲೆ ನನ್ನ ದೂರಿಲ್ಲ. "ಮಗ ಐಟಿ ಕಟ್ಟುತ್ತಾನೆ ಮೇಡಂ, ಸಿಸ್ಟಂ ತೋರಿಸ್ತಿದೆ" ಅಂದರು. ಕಟ್ಟಿಲ್ಲ ಸಾರ್, ಕತ್ತರಿಸಿದ್ದನ್ನು ವಾಪಸ್ ತಗೊಂಡಿದ್ದಾನೆ, ನೋಡಿ ತೆರಿಗೆ ಸೊನ್ನೆ ಅಂತ ರಿಟರ್ನ್ಸಿನ ಪ್ರಿಂಟ್ ತೋರಿಸಿದೆ. ಓದಿದರು. ಒಪ್ಪಿಕೊಂಡರು. ಆಮೇಲೆ ಕ್ಯಾಲ್ಕುಲೇಟರ್ ತಗೊಂಡು ಅಪ್ಪನ 60,000ಕ್ಕೆ ಮಗನ 79,200 ಕೂಡಿಸಿದರು. 1,39,200. "ತೆರಿಗೆ ಕಟ್ಟದಿದ್ರೂ ಆದಾಯ 1.20 ಲಕ್ಷ ದಾಟ್ತಲ್ಲ ಮೇಡಂ, ನಾನೇನು ಮಾಡ್ಲಿ?"

ಸಚಿವರೇ, ಆ ಪ್ರಶ್ನೆಯನ್ನು ನಾನು ಅಲ್ಲಿಂದ ಎತ್ತಿಕೊಂಡು ತಮ್ಮ ಮುಂದೆ ಇಡುತ್ತಿದ್ದೇನೆ. ಅವರ ಕೈಯಲ್ಲಿ ಏನೂ ಇಲ್ಲ, ನಿಜ. ತಮ್ಮ ಕೈಯಲ್ಲಿ ಇದೆ.

ಮೊದಲು ಬರೀ ಲೆಕ್ಕ ನೋಡೋಣ. ಬಿಪಿಎಲ್ ಕಾರ್ಡಿಗೆ ಮನೆಯ ವರ್ಷದ ಆದಾಯದ ಮಿತಿ 1.20 ಲಕ್ಷ. ಆ ಮನೆಯವರು ಅದನ್ನು ದಾಟಿದ್ದು 19,200 ರೂಪಾಯಿಯಿಂದ. ಕಳೆದುಕೊಂಡಿದ್ದು? ಆಗ ತಲೆಗೆ 10 ಕೆ.ಜಿ. ಲೆಕ್ಕದಲ್ಲಿ ಐದು ಜನಕ್ಕೆ ತಿಂಗಳಿಗೆ 50 ಕೆ.ಜಿ., ವರ್ಷಕ್ಕೆ 600 ಕೆ.ಜಿ. 2023ರ ಜುಲೈನಿಂದ ಅಕ್ಕಿ ಸಿಗದೆ ಹೆಚ್ಚುವರಿ 5 ಕೆ.ಜಿ.ಗೆ ದುಡ್ಡು ಕೊಡುತ್ತಿದ್ದಾಗ ಸರ್ಕಾರವೇ ಕೆ.ಜಿ.ಗೆ 34 ರೂಪಾಯಿ ಬೆಲೆ ಕಟ್ಟಿತ್ತು. ಆ ಲೆಕ್ಕಕ್ಕೆ 20,400 ರೂಪಾಯಿ. ಅಂಗಡಿಯಲ್ಲಿ ಆ ಬೆಲೆಗೆ ಅಕ್ಕಿ ಸಿಗುವುದಿಲ್ಲ ಅನ್ನುವುದು ಬೇರೆ ಮಾತು. ಹುಡುಗ ವರ್ಷವಿಡೀ ರಾತ್ರಿ 10ರವರೆಗೆ ಚೀಲ ಹೊತ್ತು ಮನೆಯನ್ನು ಮಿತಿಯಿಂದ ಎಷ್ಟು ಮೇಲಕ್ಕೆ ಎತ್ತಿದನೋ, ಅದಕ್ಕಿಂತ ಹೆಚ್ಚು ಅಕ್ಕಿಯಲ್ಲೇ ಹೋಯಿತು.

ಅಕ್ಕಿ ಹೋದರೆ ಹೇಗೋ ತೂಗಿಸಬಹುದು. ಆ ಮನೆಯವರಿಗೆ ನಿಜವಾದ ಭಯ ಆಸ್ಪತ್ರೆಯದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಕಾರ್ಡ್ ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಒಳಗೆ. ಮಿಕ್ಕ ಶೇ 70 ಕೈಯಿಂದ ಹಾಕಬೇಕು. ಅಪ್ಪ ದಿನಾ ಸಾರುವೆ ಹತ್ತುವ ಮನುಷ್ಯ. ಒಂದು ಸಲ ಕಾಲು ಜಾರಿದರೆ ಸಾಕು, ಮಗನ ಎರಡು ವರ್ಷದ ಕೂಲಿ ಒಂದೇ ಬಿಲ್ಲಿಗೆ ಹೋಗುತ್ತದೆ.

ಇನ್ನು 1.20 ಲಕ್ಷದ ಮಿತಿಯ ವಿಷಯ. ತಿಂಗಳಿಗೆ 10,000 ರೂಪಾಯಿ ಆಯಿತು. ನಮ್ಮ ರಾಜ್ಯದಲ್ಲೇ ಕೌಶಲ ಇಲ್ಲದ ಕೆಲಸಕ್ಕೂ ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನ ಆ 10,000ವನ್ನು ದಾಟಿ ಹೋಗಿದೆ. ಅಂದರೆ ಒಂದು ಮನೆಯಲ್ಲಿ ಒಬ್ಬರೇ ಒಬ್ಬರು ಕಾನೂನುಬದ್ಧ ಕನಿಷ್ಠ ಕೂಲಿಗೆ ವರ್ಷಪೂರ್ತಿ ದುಡಿದರೂ ಆ ಮನೆ ಬಿಪಿಎಲ್ ಅಲ್ಲ. ಒಂದು ಇಲಾಖೆ ಇಷ್ಟಕ್ಕಿಂತ ಕಡಿಮೆ ಕೊಟ್ಟರೆ ಅಪರಾಧ ಅನ್ನುತ್ತದೆ, ಇನ್ನೊಂದು ಇಲಾಖೆ ಇಷ್ಟು ಸಿಕ್ಕರೆ ನೀವು ಬಡವರಲ್ಲ ಅನ್ನುತ್ತದೆ. ದೆಹಲಿಯಲ್ಲಿ ನೋಡಿದರೆ, 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ಆದಾಯಕ್ಕೆ ತೆರಿಗೆಯೇ ಇಲ್ಲ. ಅಲ್ಲಿ 12, ಇಲ್ಲಿ 1.20. ನಡುವೆ ಒಂದು ಚುಕ್ಕಿ.

ಹಾಗಿದ್ದರೂ ಇಷ್ಟೊಂದು ಬಿಪಿಎಲ್ ಕಾರ್ಡ್ ಹೇಗಿವೆ? ನನ್ನಂಥವಳ ಬಾಯಲ್ಲಿ ಈ ಮಾತು ಬರಬಾರದೇನೋ. ಆದರೂ ಹೇಳುತ್ತೇನೆ. ಹೆಚ್ಚಿನ ಬಡವರ ಆದಾಯಕ್ಕೆ ಕಾಗದವೇ ಇಲ್ಲ. ಗಾರೆ ಮೇಸ್ತ್ರಿ ಶನಿವಾರ ಬಟವಾಡೆ ಮಾಡುವಾಗ ಜೇಬಿನಿಂದ ನೋಟು ಎಣಿಸಿ ಕೊಡುತ್ತಾನೆ. ಅದು ಯಾವ ಸಿಸ್ಟಂನಲ್ಲೂ ಇಲ್ಲ. ಆದಾಯ ಪತ್ರದಲ್ಲಿ ಬರೆಯುವ 40,000, 60,000 ಅನ್ನುವುದು ಅರ್ಜಿದಾರರಿಗೂ ಗೊತ್ತು, ಕೊಡುವವರಿಗೂ ಗೊತ್ತು, ತಮಗೂ ಗೊತ್ತಿರುವ ಅಂದಾಜು. ಹಾಗಾಗಿ ಸಿಸ್ಟಂ ಹುಡುಕಲು ಹೊರಟರೆ ಅದರ ಕೈಗೆ ಸಿಗುವುದು ಕಾಗದ ಇರುವವರು. ಅಂದರೆ ಬ್ಯಾಂಕಿನಲ್ಲಿ ಕೂಲಿ ತಗೊಳ್ಳುವ, ಪ್ಯಾನ್ ಕೊಡುವ ಹೊಸ ಹುಡುಗರು. ಮೂರು ಅಂತಸ್ತಿನ ಬಾಡಿಗೆ ಮನೆ ಇದ್ದು ಬಾಡಿಗೆಯನ್ನು ನಗದಾಗಿ ಇಸ್ಕೊಳ್ಳುವ ಒಬ್ಬರ ಬಿಪಿಎಲ್ ಕಾರ್ಡನ್ನು ಇದೇ ವಾರ ಜೆರಾಕ್ಸ್ ಮಾಡಿಕೊಟ್ಟಿದ್ದೇನೆ. ಕಾರು ನಿಲ್ಲಿಸಿ ಬಂದಿದ್ದರು. ಅಂಥವರ ಕಾರ್ಡ್ ಕಿತ್ತುಕೊಳ್ಳಿ, ನಾನು ಚಪ್ಪಾಳೆ ಹೊಡೆಯುತ್ತೇನೆ.

2024ರ ನವೆಂಬರ್‌ನಲ್ಲೂ ಇದೇ ಗದ್ದಲ ಆಗಿತ್ತು. ಕಾರ್ಡ್ ರದ್ದಾದ ಜನ ಕಚೇರಿಗಳ ಮುಂದೆ ನಿಂತರು. ಆಗ ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಮಿಕ್ಕವರ ಕಾರ್ಡ್ ವಾಪಸ್ ಕೊಡಿ ಅಂತ ಸರ್ಕಾರವೇ ಹೇಳಿತು. ಒಳ್ಳೆಯ ಮಾತು. ಆದರೆ "ಕಟ್ಟುವವರು" ಅನ್ನುವ ಪದ ಕೆಳಗೆ ಇಳಿದು ಬರುವಷ್ಟರಲ್ಲಿ "ರಿಟರ್ನ್ಸ್ ಹಾಕಿದವರು" ಅಂತ ಆಗಿಬಿಟ್ಟಿದೆ. ನಮ್ಮೂರಲ್ಲಿ ರಿಟರ್ನ್ಸ್ ಹಾಕುವವರಲ್ಲಿ ಬಹಳ ಜನ ತೆರಿಗೆ ಕಟ್ಟುವವರಲ್ಲ. ಆಟೋ ಸಾಲಕ್ಕೆ ಹಾಕುತ್ತಾರೆ, ಹಸು ಸಾಲಕ್ಕೆ ಹಾಕುತ್ತಾರೆ, ಕತ್ತರಿಸಿದ ಟಿಡಿಎಸ್ ವಾಪಸ್ ತಗೊಳ್ಳಲು ಹಾಕುತ್ತಾರೆ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಓದುವ ಮಗನ ಕೂಲಿಯನ್ನು ಅಪ್ಪನ ಕೂಲಿಗೆ ಕೂಡಿಸುವುದು ಸರಿಯೇ?

ತೆರಿಗೆ ಹಾಕುವವರೇ ಕೂಡಿಸುವುದಿಲ್ಲ, ಗೊತ್ತಾ? 18 ದಾಟಿದವರ ಲೆಕ್ಕ ಹೇಗೂ ಅವರವರದ್ದೇ. 18 ತುಂಬದ ಮಕ್ಕಳ ಆದಾಯವನ್ನು ಅಪ್ಪ-ಅಮ್ಮನ ಆದಾಯಕ್ಕೆ ಸೇರಿಸಬೇಕು ಅಂತ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 64(1ಎ) ಹೇಳುತ್ತಿತ್ತು. ಆದರೆ ಅಲ್ಲೇ ಒಂದು ವಿನಾಯಿತಿ ಇತ್ತು. ಮಗು ತನ್ನ ಮೈ ಮುರಿದು ದುಡಿದದ್ದಾದರೆ, ಅಥವಾ ತನ್ನ ಪ್ರತಿಭೆ, ಕೌಶಲದಿಂದ ಗಳಿಸಿದ್ದಾದರೆ, ಸೇರಿಸುವ ಹಾಗಿಲ್ಲ. ಮಗನ ಹೆಸರಲ್ಲಿ ಬ್ಯಾಂಕಿನಲ್ಲಿ ದುಡ್ಡಿಟ್ಟು ಬಡ್ಡಿ ತಿನ್ನುವ ಅಪ್ಪನಿಗೆ ಒಂದು ನ್ಯಾಯ, ಚೀಲ ಹೊತ್ತ ಮಗನಿಗೆ ಇನ್ನೊಂದು ನ್ಯಾಯ. ಶ್ರೀಮಂತರಿಂದ ದುಡ್ಡು ಎತ್ತುವ ಕಾನೂನಿಗೇ ಇಷ್ಟು ಕರುಣೆ ಇದ್ದರೆ, ಅನ್ನ ಕೊಡುವ ನಿಯಮಕ್ಕೆ ಇರಬಾರದೇ?

ದೂರ ಯಾಕೆ ಹೋಗಬೇಕು, ನಮ್ಮ ಗೃಹಲಕ್ಷ್ಮಿಯನ್ನೇ ನೋಡಿ. ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುತ್ತಾರಾ, ಜಿಎಸ್‌ಟಿ ರಿಟರ್ನ್ಸ್ ಹಾಕುತ್ತಾರಾ ಅಂತ ಮಾತ್ರ ಅದು ಕೇಳುತ್ತದೆ. ಮಗನನ್ನು ಕೇಳುವುದಿಲ್ಲ. ಆ ನಿಯಮ ಬರೆದವರು ಯಾರೋ ಯೋಚನೆ ಮಾಡಿ ಬರೆದಿದ್ದಾರೆ. ಇದೇ ಸರ್ಕಾರ, ಇದೇ ಕಾರ್ಡ್, ಅಲ್ಲಿ ಮಗ ಲೆಕ್ಕಕ್ಕಿಲ್ಲ, ಇಲ್ಲಿ ಲೆಕ್ಕಕ್ಕೆ ಬರುತ್ತಾನೆ. ಅಂಗಡಿಗೆ ಬರುವ ನಿವೃತ್ತ ಮೇಷ್ಟ್ರೊಬ್ಬರ ಮಗಳು ಅಮೆರಿಕದಲ್ಲಿದ್ದಾರೆ. ಅಲ್ಲಿನ ಬಡವರ ಆಹಾರ ನೆರವಿಗೆ ಸ್ನ್ಯಾಪ್ ಅನ್ನುತ್ತಾರಂತೆ. ಅದರಲ್ಲಿ ಅಪ್ಪ-ಅಮ್ಮನ ಜೊತೆ ಇದ್ದು ಶಾಲೆಗೆ ಹೋಗುವ, 18 ತುಂಬದ ಮಕ್ಕಳ ದುಡಿಮೆಯನ್ನು ಮನೆಯ ಆದಾಯಕ್ಕೆ ಹಿಡಿಯುವುದಿಲ್ಲ. ಅಮೆರಿಕದ್ದೆಲ್ಲ ನಮಗೆ ಬೇಡ. ಇದೊಂದು ಬೇಕು.

ಓದುವ ಮಕ್ಕಳು ದುಡಿಯಲೇಬಾರದು ಅಂತ ನಮ್ಮ ಕಾನೂನೂ ಹೇಳಿಲ್ಲ. 14ರ ಕೆಳಗಿನವರಿಗೆ ಕೆಲಸ ಬೇಡ, ಅದು ಸರಿ. 14ರಿಂದ 18ರವರೆಗಿನವರು ಅಪಾಯ ಇಲ್ಲದ ಕೆಲಸ ಮಾಡಬಹುದು. ಬಿಡುವೂ ಸೇರಿ ದಿನಕ್ಕೆ 6 ಗಂಟೆ ಮೀರಬಾರದು, ಸಂಜೆ 7ರಿಂದ ಬೆಳಿಗ್ಗೆ 8ರ ನಡುವೆ ಕೆಲಸ ಇಲ್ಲ, ವಾರಕ್ಕೊಂದು ರಜೆ. ಇಷ್ಟು ಜಾಗರೂಕವಾಗಿ ಕಾನೂನು ಬಾಗಿಲು ತೆರೆದಿಟ್ಟಿದೆ. ಆ ಬಾಗಿಲಿನಿಂದ ನೆಟ್ಟಗೆ ಒಳಗೆ ಹೋದವರಿಗೇ ಪೆಟ್ಟು ಬೀಳುತ್ತಿದೆ.

ಇದರಿಂದ ಏನಾಗುತ್ತಿದೆ ಅನ್ನುವುದನ್ನು ನನ್ನ ಕೌಂಟರಿನ ಈ ಕಡೆಯಿಂದ ದಿನಾ ನೋಡುತ್ತಿದ್ದೇನೆ. ಈ ಹುಡುಗನ ಸುದ್ದಿ ಬೀದಿಗೆಲ್ಲ ಹರಡಿದೆ. ಸೀರೆ ಅಂಗಡಿಯಲ್ಲಿ ರಜೆಯ ಕೆಲಸ ಸಿಕ್ಕಿದ್ದ ಒಬ್ಬ 17 ವರ್ಷದ ಹುಡುಗಿಯ ತಾಯಿ ಬಂದಿದ್ದರು. ಅಂಗಡಿಯವರು ಬ್ಯಾಂಕ್ ಪಾಸ್‌ಬುಕ್ ಕೇಳಿದ್ದಾರೆ, ಕೊಟ್ಟರೆ ಕಾರ್ಡ್ ಹೋಗುತ್ತಾ ಅಂತ. ನಾನು ಹೋಗಲ್ಲ ಅನ್ನುವ ಧೈರ್ಯ ಮಾಡಲಿಲ್ಲ. ಹುಡುಗಿ ಈಗ ಕೈಗೆ ದುಡ್ಡು ಕೊಡುವ ಬೇರೆ ಕಡೆ ಹೋಗುತ್ತಾಳೆ, ದಿನಕ್ಕೆ 50 ರೂಪಾಯಿ ಕಡಿಮೆಗೆ. ಇನ್ನೊಬ್ಬ ಹುಡುಗ ಊಟ ಡೆಲಿವರಿ ಮಾಡುತ್ತಾನೆ, ಸೋದರಮಾವನ ಐಡಿಯಲ್ಲಿ. ಆಪ್‌ನಲ್ಲಿ ಮಾವನ ಫೋಟೋ, ಗಾಡಿಯ ಮೇಲೆ ಅಳಿಯ. ನಾಳೆ ಗಾಡಿ ಬಿದ್ದರೆ ಇನ್ಶೂರೆನ್ಸ್ ಯಾರಿಗೆ? ಬಿದ್ದವನು ಕಂಪನಿಯ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಅಂತ 2025ರಲ್ಲಿ ತಮ್ಮ ಸರ್ಕಾರವೇ ಕಾಯ್ದೆ ತಂದಿತು. ನನಗೆ ಖುಷಿಯಾಗಿತ್ತು. ಆದರೆ ಹೆಸರು ಬರೆಸಿ ಅಂತ ಒಂದು ಇಲಾಖೆ ಕರೆಯುವಾಗ, ಹೆಸರು ಸಿಕ್ಕರೆ ಅಕ್ಕಿ ಹೋಗುತ್ತದೆ ಅಂತ ಜನ ಬಚ್ಚಿಟ್ಟುಕೊಂಡರೆ ಆ ಕಾಯ್ದೆ ಯಾರಿಗೆ?

ಒಂದು ದಿನದ ವಿಷಯ ಹೇಳದೆ ಇರಲಾರೆ. ಆಫೀಸಿನಿಂದ ಬಂದ ಎರಡು ದಿನಕ್ಕೆ ಹುಡುಗನ ಅಮ್ಮ ಅಂಗಡಿಗೆ ಬಂದರು. ಜೊತೆಗೆ ಹುಡುಗನೂ ಇದ್ದ. ಮಧ್ಯಾಹ್ನ ಕರೆಂಟ್ ಹೋಗಿತ್ತು, ಯುಪಿಎಸ್ ಕುಂಯ್ ಅಂತಿತ್ತು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ದನಿ ತಗ್ಗಿಸಿ, "ಅಕ್ಕ, ಇವನ ಹೆಸರು ಕಾರ್ಡಿನಿಂದ ತೆಗೆಸಿದ್ರೆ ಸರಿ ಹೋಗುತ್ತಾ?" ಅಂದರು. ಸಾಮಾನ್ಯವಾಗಿ ಜನ ಹೆಸರು ತೆಗೆಸಲು ಬರುವುದು ಮೂರು ಕಾರಣಕ್ಕೆ. ಸತ್ತಾಗ, ಮದುವೆಯಾಗಿ ಹೋದಾಗ, ಊರು ಬಿಟ್ಟಾಗ. ಮಗ ಪಕ್ಕದಲ್ಲೇ ನಿಂತಿದ್ದ. ಲ್ಯಾಮಿನೇಷನ್ ಮಷಿನ್ನಿನ ಮೇಲಿದ್ದ ಕಸವನ್ನು ಉಗುರಲ್ಲಿ ಕೆರೆಯುತ್ತಿದ್ದ. ನಾನು ಸರ್ವರ್ ಡೌನ್ ಇದೆ, ನಾಳೆ ಬನ್ನಿ ಅಂದೆ. ಸುಳ್ಳು. ಅವತ್ತು ಸರ್ವರ್ ಚೆನ್ನಾಗೇ ಇತ್ತು.

ಮಾರನೇ ದಿನ ಆಕೆ ಬರಲಿಲ್ಲ. ಹುಡುಗ ಒಬ್ಬನೇ ಬಂದ. "ಅಕ್ಕ, ಆ 7,920 ವಾಪಸ್ ಕಟ್ಟಿಬಿಟ್ರೆ ಕಾರ್ಡ್ ಮೊದಲಿನ ಹಾಗೆ ಆಗುತ್ತಾ?" ಅಂತ ಕೇಳಿದ. ತನಗೆ ನ್ಯಾಯವಾಗಿ ಬಂದ ದುಡ್ಡನ್ನು ದಂಡದ ಹಾಗೆ ಕಟ್ಟಲು ತಯಾರಾಗಿದ್ದ. ಬಿಕಾಂ ಓದುವ ಹುಡುಗ, ಟಿಡಿಎಸ್ ಅಂದರೇನು ಅಂತ ಮೂರನೇ ಸೆಮಿಸ್ಟರಿನ ಪಾಠದಲ್ಲಿ ಬರುವುದಕ್ಕೆ ಮುಂಚೆಯೇ ಕಲಿತುಬಿಟ್ಟ.

ಈಗ ನನ್ನ ಕೋರಿಕೆಗಳು. ದೊಡ್ಡವೇನೂ ಅಲ್ಲ.

ಪಿಯುಸಿ, ಐಟಿಐ, ಡಿಪ್ಲೊಮಾ, ಡಿಗ್ರಿ ಏನೇ ಇರಲಿ, ಓದುತ್ತಿರುವ ಮಗ ಅಥವಾ ಮಗಳ ದುಡಿಮೆಯನ್ನು 21 ವರ್ಷದವರೆಗಾದರೂ ಪಡಿತರ ಚೀಟಿಯ ಕುಟುಂಬ ಆದಾಯಕ್ಕೆ ಸೇರಿಸಬೇಡಿ ಅಂತ ಒಂದು ಆದೇಶ ಮಾಡಿಸಿ. ಓದುತ್ತಿದ್ದಾರಾ ಇಲ್ಲವಾ ಅಂತ ಪತ್ತೆ ಮಾಡುವುದು ಕಷ್ಟವಲ್ಲ. ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅಷ್ಟೊಂದು ಮಕ್ಕಳ ವಿವರ ಸರ್ಕಾರದ ಹತ್ತಿರವೇ ಇದೆ. ಅದರಲ್ಲಿ ಇಲ್ಲದವರಿಗೆ ಕಾಲೇಜಿನ ಒಂದು ವ್ಯಾಸಂಗ ಪ್ರಮಾಣ ಪತ್ರ ಸಾಕು. ಹುಡುಕಲು ಒಂದು ಇಲಾಖೆಯ ಮಾಹಿತಿಯನ್ನು ಇನ್ನೊಂದಕ್ಕೆ ಜೋಡಿಸಲು ಬರುತ್ತದೆ ಅಂದಮೇಲೆ, ಉಳಿಸಲೂ ಜೋಡಿಸಬಹುದು.

ಐಟಿ ಅನ್ನುವ ಕಾರಣಕ್ಕೆ ಕಾರ್ಡ್ ತೆಗೆಯುವ ಮುನ್ನ ಕಟ್ಟಿದ ತೆರಿಗೆ ಎಷ್ಟು ಅಂತ ನೋಡಲು ಹೇಳಿ. ಸೊನ್ನೆ ಇದ್ದರೆ ಆ ಹೆಸರು ಪಟ್ಟಿಗೆ ಬರಕೂಡದು. ರಿಟರ್ನ್ಸ್ ಹಾಕುವುದು ತಪ್ಪಲ್ಲ, ಹಾಕಿ ಹಾಕಿ ಅಂತ ಕೇಂದ್ರದವರು ಎಲ್ಲ ಕಡೆ ಜಾಹೀರಾತು ಕೊಡುತ್ತಾರೆ.

ಅನುಮಾನ ಬಂದವರಿಗೆ ಮೊದಲು ಕನ್ನಡದಲ್ಲಿ ಒಂದು ನೋಟಿಸ್ ಕೊಡಿಸಿ. ಐಟಿ ಅನ್ನುವ ಎರಡಕ್ಷರ ಸಾಲದು. ಯಾರ ಆದಾಯ, ಯಾವ ವರ್ಷದ್ದು, ಎಷ್ಟು, ಎಲ್ಲಿಗೆ ಬಂದು ಉತ್ತರ ಕೊಡಬೇಕು, ಇಷ್ಟೂ ಅದರಲ್ಲಿರಲಿ. ಉತ್ತರ ಕೊಟ್ಟು ತೀರ್ಮಾನ ಆಗುವವರೆಗೆ ಅಕ್ಕಿ ನಿಲ್ಲಿಸಬೇಡಿ. ಈಗ ಆಗುತ್ತಿರುವುದು ಉಲ್ಟಾ. ಮೊದಲು ಮಷಿನ್ನು ಇಲ್ಲ ಅನ್ನುತ್ತದೆ, ಆಮೇಲೆ ಜನ ಕಾರಣ ಹುಡುಕಿಕೊಂಡು ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಅಲೆಯುತ್ತಾರೆ. ಗಾರೆ ಕೆಲಸದವರಿಗೆ ಒಂದು ದಿನ ಆಫೀಸಿಗೆ ಬಂದರೆ ಆ ದಿನದ ಕೂಲಿ ಹೋಯಿತು. ನಾಲ್ಕು ಸಲ ಬಂದರೆ ಒಂದು ತಿಂಗಳ ಅಕ್ಕಿಯ ದುಡ್ಡು ಅಲ್ಲೇ ಮುಗಿಯಿತು.

1.20 ಲಕ್ಷದ ಮಿತಿಯನ್ನು ಏರಿಸುವುದು ದೊಡ್ಡ ತೀರ್ಮಾನ, ಹಣಕಾಸು ಇಲಾಖೆ, ಸಂಪುಟ ಎಲ್ಲ ಬೇಕು ಅಂತ ಗೊತ್ತು. ಅದಕ್ಕೆ ಕಾಯುವುದು ಬೇಡ. ಮೇಲಿನ ಮೂರಕ್ಕೆ ಅಷ್ಟೆಲ್ಲ ಬೇಕಾಗಲಿಕ್ಕಿಲ್ಲ. ಆದರೆ ಮಿತಿಯ ವಿಷಯ ಮಾತಾಡುವ ದಿನ ಬಂದಾಗ, ಕನಿಷ್ಠ ವೇತನದ ಅಧಿಸೂಚನೆಯ ಒಂದು ಪ್ರತಿಯನ್ನು ಟೇಬಲ್ಲಿನ ಮೇಲೆ ಇಟ್ಟುಕೊಂಡು ಮಾತಾಡಿ. ಜೆರಾಕ್ಸ್ ಬೇಕಿದ್ದರೆ ನಾನೇ ಕಳಿಸಿಕೊಡುತ್ತೇನೆ, ಚಾರ್ಜ್ ಇಲ್ಲ.

ಹುಡುಗ ಗೋಡೌನ್ ಕೆಲಸ ಬಿಟ್ಟಿದ್ದಾನೆ. ಬಿಟ್ಟರೆ ಕಾರ್ಡ್ ಬರುತ್ತದೆ ಅಂತ ಯಾರೋ ಹೇಳಿದರಂತೆ. ಬಂದಿಲ್ಲ. ಸಿಸ್ಟಂನಲ್ಲಿ ಇರುವುದು ದುಡಿದ ವರ್ಷದ ಲೆಕ್ಕ, ಬಿಟ್ಟ ತಿಂಗಳದ್ದಲ್ಲ. ಈಗ ದುಡಿಮೆಯೂ ಇಲ್ಲ, ಕಾರ್ಡೂ ಇಲ್ಲ. ಮರುಪರಿಶೀಲನೆಗೆ ಅರ್ಜಿ ಹಾಕಿದ್ದೇವೆ. ಜೊತೆಗೆ ರಿಟರ್ನ್ಸಿನ ಪ್ರತಿ, ವ್ಯಾಸಂಗ ಪ್ರಮಾಣ ಪತ್ರ, ಕೆಲಸ ಬಿಟ್ಟಿದ್ದೇನೆ ಅಂತ 100 ರೂಪಾಯಿ ಛಾಪಾ ಕಾಗದದಲ್ಲಿ ಅಫಿಡವಿಟ್, ಎಲ್ಲ ಲಗತ್ತಿಸಿದ್ದೇವೆ. ಸ್ವೀಕೃತಿ ಚೀಟಿ ಮಾಸಬಾರದು ಅಂತ ಲ್ಯಾಮಿನೇಷನ್ ಮಾಡಿ ನನ್ನ ಡ್ರಾಯರಿನಲ್ಲೇ ಇಟ್ಟಿದ್ದೇನೆ. ಅವನ ಅಮ್ಮ ಪ್ರತಿ ಸೋಮವಾರ ಬಂದು, "ಏನಾದ್ರೂ ಬಂತಾ ಅಕ್ಕ?" ಅಂತ ಕೇಳುತ್ತಾರೆ. ನಾನು ನಂಬರ್ ಹಾಕಿ ನೋಡುತ್ತೇನೆ. ಪರಿಶೀಲನೆಯಲ್ಲಿದೆ ಅಂತ ಬರುತ್ತದೆ.

ಮುಂದಿನ ಸೋಮವಾರಕ್ಕೂ ಬರುತ್ತಾರೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಜೆರಾಕ್ಸ್ ಅಂಗಡಿಯವಳು,
ತುಮಕೂರು ಜಿಲ್ಲೆ